ಕಪ್ತಾನರ ಮೇಜಿಗೆ ಕಚ್ಚೆಪಂಚೆಯುಟ್ಟು ಹೋಗಬಹುದು

ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ನ್ಯೂಯಾರ್ಕಿಗೆ ಹೊರಡುವ ಕ್ವೀನ್ ಮೇರಿ 2 ಹಡಗನ್ನು ಏರುವ ಕನ್ನಡಿಗ ಕುಟುಂಬಗಳು ಈಗ ಅಪರೂಪವಲ್ಲ. ಇದೇ ಊರಿನಲ್ಲಿ ನೆಲೆಸಿರುವ ನನ್ನನ್ನು ಅವರಲ್ಲಿ ಹಲವರು ಕೇಳುವುದು ಒಂದೇ ಪ್ರಶ್ನೆ: ವಿಧ್ಯುಕ್ತ ಉಡುಗೆ ತೊಟ್ಟು ಬರಬೇಕಾದ ಗಾಲಾ ಸಂಜೆಯ ಊಟಕ್ಕೆ, ಅದರಲ್ಲೂ ಕಪ್ತಾನರೊಡನೆಯೋ ಹಿರಿಯ ಅಧಿಕಾರಿಯೊಬ್ಬರೊಡನೆಯೋ ಒಂದೇ ಮೇಜಿನಲ್ಲಿ ಕೂರುವ ಆಹ್ವಾನ ಬಂದರೆ, ಏನು ಉಟ್ಟುಕೊಳ್ಳಬೇಕು? ಹೆಣ್ಣುಮಕ್ಕಳಿಗೆ ಈ ಚಿಂತೆ ಇಲ್ಲ. ಮೈಸೂರು ರೇಷ್ಮೆಯ ಸೀರೆಯೊಂದು ಪೆಟ್ಟಿಗೆಯಲ್ಲಿದ್ದರೆ ಅವರ ಮಟ್ಟಿಗೆ ವಿಷಯ ಮುಗಿಯಿತು. ಜಗತ್ತಿನ ಯಾವ ಔತಣದಲ್ಲೂ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಗಂಡಸರು ಮಾತ್ರ ಭುಜ ಸರಿಹೊಂದದ ಟಕ್ಸೀಡೊವನ್ನು, ಅಂದರೆ ಡಿನ್ನರ್ ಜಾಕೆಟ್ಟಿನ ಸೂಟನ್ನು, ಬಾಡಿಗೆಗೆ ತರುತ್ತಾರೆ, ಇಲ್ಲವೇ ರಜೆಗೆ ಬಂದವನಿಗೆ ಇದೆಲ್ಲ ಏಕೆ ಎಂದು ಜೀನ್ಸಿನಲ್ಲೇ ಹೋಗಲು ನಿಲ್ಲುತ್ತಾರೆ. ಇವೆರಡೂ ಸರಿಯಲ್ಲ, ನಮ್ಮದೇ ವಿಧ್ಯುಕ್ತ ಉಡುಗೆಯನ್ನು, ಆ ಅಧಿಕಾರಿಗಳು ತಮ್ಮ ಸಮವಸ್ತ್ರವನ್ನು ತೊಡುವಷ್ಟೇ ಅಚ್ಚುಕಟ್ಟಾಗಿ ತೊಟ್ಟು ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಹಡಗಿನ ನಿಯಮವೇ ಅವಕಾಶ ಕೊಟ್ಟಿದೆ. 1840ರಿಂದ ಅಟ್ಲಾಂಟಿಕ್ ಸಾಗರವನ್ನು ದಾಟಿಸುತ್ತ ಬಂದಿರುವ, ಈ ಹಡಗನ್ನು ನಡೆಸುವ ಕ್ಯುನಾರ್ಡ್ ಸಂಸ್ಥೆಯ ಏಳು ರಾತ್ರಿಗಳ ಪ್ರಯಾಣದಲ್ಲಿ ಸಾಮಾನ್ಯವಾಗಿ ಎರಡು ಗಾಲಾ ಸಂಜೆಗಳಿರುತ್ತವೆ. ಆ ಸಂಜೆಗಳಲ್ಲಿ ಗಂಡಸರು ಬೋ ಟೈ ಸಹಿತವಾದ ಕಪ್ಪು ಡಿನ್ನರ್ ಜಾಕೆಟ್ ಅಥವಾ ಗಾಢ ಬಣ್ಣದ ಸೂಟು ಧರಿಸಬೇಕೆಂದು ಹೇಳುವ ಅದೇ ಸೂಚನೆ, ತಮ್ಮ ತಮ್ಮ ರಾಷ್ಟ್ರೀಯ ವಿಧ್ಯುಕ್ತ ಉಡುಗೆಯನ್ನೂ ಸೇನಾ ಸಮವಸ್ತ್ರವನ್ನೂ ಅವುಗಳ ಸಾಲಿನಲ್ಲೇ ಸೇರಿಸಿಕೊಳ್ಳುತ್ತದೆ. ಅದನ್ನು ರಿಯಾಯಿತಿಯೆಂದು ತಿಳಿಯಬೇಕಾಗಿಲ್ಲ, ಸಮಾನವಾದ ಆಯ್ಕೆಯೆಂದೇ ತಿಳಿಯಬಹುದು. ಇಷ್ಟೆಲ್ಲ ಬೇಡವೆನ್ನುವವರಿಗೆ ಕಿಂಗ್ಸ್ ಕೋರ್ಟ್ ಎಂಬ ಬಫೆ ಊಟದ ಮನೆ ತೆರೆದೇ ಇರುತ್ತದೆ.

ಇನ್ನು ಮೇಜಿನ ಆಚೆ ಬದಿಯಲ್ಲಿ ಕುಳಿತಿರುವವರನ್ನು ಗಮನಿಸಬೇಕು. ಅಧಿಕಾರಿಗಳು ಆ ಸಂಜೆ ಸೊಂಟದವರೆಗಷ್ಟೇ ಬರುವ ಗಿಡ್ಡ ಮೆಸ್ ಜಾಕೆಟ್ಟಿನಲ್ಲಿರುತ್ತಾರೆ. ಬಿಸಿಲ ನಾಡಿನ ಕಡಲುಗಳಲ್ಲಿ ಅದು ಬಿಳಿ, ಚಳಿಯ ಕಡಲುಗಳಲ್ಲಿ ಕಡುನೀಲಿ. ದರ್ಜೆಯನ್ನು ತೋರಿಸಲು ಕಪ್ತಾನರಿಗೆ ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳು. ಬ್ರಿಟಿಷ್ ವ್ಯಾಪಾರಿ ನೌಕೆಗಳ ಪದ್ಧತಿಯಂತೆ ಎಂಜಿನಿಯರುಗಳ ಪಟ್ಟಿಗಳ ನಡುವೆ ನೇರಳೆ, ವೈದ್ಯರಿಗೆ ಕೆಂಪು, ಪ್ರಯಾಣಿಕರ ವ್ಯವಸ್ಥೆ ನೋಡಿಕೊಳ್ಳುವ ಪರ್ಸರ್ ವಿಭಾಗದವರಿಗೆ ಬಿಳಿ. ದಿನವಿಡೀ ಕೆಲಸ ಮಾಡಿದವರು ಅತಿಥಿಗಳಿಗಾಗಿ ಇಷ್ಟು ಸಿದ್ಧರಾಗಿ ಬಂದು ಕೂರುತ್ತಾರೆ. ಆ ಶ್ರಮಕ್ಕೆ ಎದುರಾಗಿ ಮುದುಡಿದ ಟೀ ಶರ್ಟಿನಲ್ಲಿ ಕೂರುವುದು ನನಗೆ ಸ್ವಾತಂತ್ರ್ಯವಾಗಿ ಕಾಣುವುದಿಲ್ಲ. ಕರೆದವರ ಕಡೆಗಿನ ಅಲಕ್ಷ್ಯವಾಗಿ ಕಾಣುತ್ತದೆ.

ಈ ಡಿನ್ನರ್ ಜಾಕೆಟ್ ಕೂಡ ಅನಾದಿಯಿಂದ ಬಂದ ಶಾಸ್ತ್ರವೇನೂ ಅಲ್ಲ. 1865ರಲ್ಲಿ ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಹೆನ್ರಿ ಪೂಲ್ ಅಂಗಡಿ ಅಂದಿನ ವೇಲ್ಸ್ ರಾಜಕುಮಾರನಿಗೆ, ಆಪ್ತರ ನಡುವಿನ ಊಟಕ್ಕೆಂದು, ಹಿಂದೆ ಬಾಲದಂತೆ ಇಳಿಬೀಳುವ ಅಂಚಿಲ್ಲದ ಗಿಡ್ಡ ಕೋಟೊಂದನ್ನು ಹೊಲಿದುಕೊಟ್ಟಿತೆಂದೂ ಇದರ ಮೂಲ ಅದೇ ಎಂದೂ ಆ ಅಂಗಡಿಯವರು ಹೇಳುತ್ತಾರೆ. ಆ ಕಾಲದ ಆರಾಮದ ಉಡುಪೇ ಇಂದು ವಿಧ್ಯುಕ್ತವೆನಿಸಿಕೊಂಡಿದೆ. ಹಾಗಿರುವಾಗ, ಮುಚ್ಚುಗೊರಳಿನ ಕೋಟು, ಜರಿಯಂಚಿನ ಕಚ್ಚೆಪಂಚೆ, ಹೆಗಲ ಮೇಲೆ ಮಡಿಸಿದ ಶಲ್ಯ, ತಲೆಗೆ ಮೈಸೂರು ಪೇಟ ಇವುಗಳಿಗಿರುವ ದರ್ಬಾರಿನ ಗಾಂಭೀರ್ಯವನ್ನು ನಾವೇ ಕಡಿಮೆಯೆಂದು ಭಾವಿಸುವುದಕ್ಕೆ ಕಾರಣವಿಲ್ಲ.

ಆದರೆ ಎರಡು ರೀತಿಗಳು ಎದುರುಬದುರಾಗುವ ಕೆಲವು ಜಾಗಗಳನ್ನು ತಿಳಿದುಕೊಂಡು ಹೋಗಬೇಕು. ಮೊದಲನೆಯದು ತಲೆ. ಇಂಗ್ಲಿಷರ ರೀತಿಯಲ್ಲಿ ಗಂಡಸು ಒಳಗೆ ಬಂದೊಡನೆ ಟೋಪಿ ತೆಗೆಯುವುದು ಗೌರವ. ಕಪ್ತಾನರೂ ಊಟಕ್ಕೆ ಟೋಪಿಯಿಲ್ಲದೆ ಬರುತ್ತಾರೆ. ನಮ್ಮಲ್ಲಿ ಸಭೆಗೆ ಬರಿದಲೆಯಲ್ಲಿ ಹೋಗದಿರುವುದೇ ಗೌರವವಾಗಿತ್ತು. ಪೇಟ ಉಡುಗೆಯ ಅಂಗವಾದ್ದರಿಂದ ಅದನ್ನು ಮೇಜಿನಲ್ಲಿ ತೆಗೆಯಬೇಕಾಗಿಲ್ಲ, ಯಾರೂ ತೆಗೆಯೆನ್ನುವುದೂ ಇಲ್ಲ. ಎರಡನೆಯದು ಕಾಲು. ಎಲೆಯ ಮುಂದೆ ಕೂರುವ ಮೊದಲು ನಾವು ಚಪ್ಪಲಿ ಬಿಡುತ್ತೇವೆ; ಅಲ್ಲಿ ಬರಿಗಾಲೂ ಸಲ್ಲದು, ಬೆರಳು ಕಾಣುವ ಮೆಟ್ಟೂ ಸಲ್ಲದು. ಅಥಣಿ, ನಿಪ್ಪಾಣಿಗಳಲ್ಲಿ ಹೊಲಿಯುವ ಚಪ್ಪಲಿಗಳ ಬಗ್ಗೆ ನನಗೆ ತುಂಬ ಅಭಿಮಾನವಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ (ಜಿಐ ಟ್ಯಾಗ್) ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಪಾಲಿದೆ. ಆದರೂ ಅವನ್ನು ಹಗಲಿನ ಡೆಕ್ಕಿಗೆ ಇಟ್ಟುಕೊಂಡು, ರಾತ್ರಿಗೆ ಮುಂಬದಿ ಮುಚ್ಚಿದ ಚರ್ಮದ ಮೋಜಡಿ ಹಾಕಿಕೊಳ್ಳುವುದು ಲೇಸು. ಮೂರನೆಯದು ಕಡಲು. ಉತ್ತರ ಅಟ್ಲಾಂಟಿಕ್‌ನಲ್ಲಿ ಹಡಗು ಸ್ವಲ್ಪವಾದರೂ ಹೊಯ್ದಾಡುತ್ತದೆ, ಊಟದ ಮನೆಯ ಮೆಟ್ಟಿಲುಗಳನ್ನು ಇಳಿಯಬೇಕಾಗುತ್ತದೆ. ಸುತ್ತಿ ಸಿಕ್ಕಿಸಿದ ಪಂಚೆಗಿಂತ ಬಿಗಿಯಾಗಿ ಹಾಕಿದ ಕಚ್ಚೆಯೇ ಅಲ್ಲಿ ಸುರಕ್ಷಿತ. ಕಚ್ಚೆ ಹಾಕುವ ಅಭ್ಯಾಸ ತಪ್ಪಿದವರು ಪ್ಯಾಂಟಿನ ಮೇಲೆ ಮುಚ್ಚುಗೊರಳಿನ ಕೋಟು ತೊಟ್ಟು ಪೇಟ ಧರಿಸಿದರೆ ಅದೂ ಪೂರ್ಣವಾದ ಉಡುಗೆಯೇ. ಹವಾನಿಯಂತ್ರಿತ ಸಭಾಂಗಣದ ಚಳಿಗೆ ಶಲ್ಯವಂತೂ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಸಡಿಲವಾದ ಹತ್ತಿಯ ಕುರ್ತಾ ಒಂದನ್ನು ಹಾಕಿಕೊಂಡು ಇದೇ ನಮ್ಮ ರಾಷ್ಟ್ರೀಯ ಉಡುಗೆ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಮನೆಯ ಹಬ್ಬಕ್ಕೆ ಅದು ಚೆನ್ನ. ಮೆಸ್ ಜಾಕೆಟ್ಟಿನ ಎದುರಿಗೆ ಅದು ಅರ್ಧ ಸಿದ್ಧತೆ.

ಸಂದರ್ಭಕ್ಕೊಂದು ಉಡುಗೆಯೆಂಬುದು ಕನ್ನಡಿಗರಿಗೆ ಹೊಸದೇನಲ್ಲ. ಧರ್ಮಸ್ಥಳದಲ್ಲಿ ಗಂಡಸರು ಅಂಗಿ ಕಳಚಿ ದರ್ಶನಕ್ಕೆ ಹೋಗುತ್ತಾರೆ. ಮಡಿಯುಟ್ಟು ಬಡಿಸುವ, ಮಡಿಯುಟ್ಟು ಉಣ್ಣುವ ಮನೆಗಳು ಇಂದಿಗೂ ಇವೆ. ಆದರೆ ನಮ್ಮ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದನ್ನು ಬಹುಕಾಲ ನಿರ್ಧರಿಸಿದ್ದು ಹುಟ್ಟು. ಎಷ್ಟೇ ಶುಭ್ರವಾದ ಪಂಚೆಯುಟ್ಟು ಬಂದರೂ ಕೆಲವರಿಗೆ ಆ ಎಲೆ ಸಿಗುತ್ತಿರಲಿಲ್ಲ. ಹಡಗಿನ ನಿಯಮದಲ್ಲಿ ನಾನು ಮೆಚ್ಚುವುದು ಇದನ್ನೇ. ಅದು ಮೊದಲೇ ಅಚ್ಚಾಗಿ ಎಲ್ಲರ ಕೈಗೆ ಬರುತ್ತದೆ, ಪಾಲಿಸಿದವರೆಲ್ಲರನ್ನೂ ಒಳಗೆ ಬಿಡುತ್ತದೆ. ಟಿಕೆಟ್ಟಿನ ದರ್ಜೆಗೆ ತಕ್ಕಂತೆ ಅಲ್ಲಿಯೂ ಊಟದ ಮನೆಗಳು ಬೇರೆಬೇರೆ ಎಂಬುದು ನಿಜ, ಅದು ನನಗೆ ಹಿಡಿಸಿದ ವಿಷಯವಲ್ಲ. ಆದರೂ ಹಣದ ಭೇದ ದಾಟಬಹುದಾದದ್ದು, ಹುಟ್ಟಿನ ಭೇದ ದಾಟಲು ಬಿಡದಿದ್ದದ್ದು.

ನನ್ನನ್ನು ಹೆಚ್ಚು ನೋಯಿಸುವುದು ನಮ್ಮ ದೇಶದಲ್ಲೇ ನಮ್ಮ ಉಡುಗೆಗಿರುವ ಸ್ಥಿತಿ. 2014ರಲ್ಲಿ ಚೆನ್ನೈಯ ಕ್ಲಬ್ಬೊಂದು ವೇಷ್ಟಿಯನ್ನು, ಅಂದರೆ ತಮಿಳರ ಪಂಚೆಯನ್ನು, ಉಟ್ಟು ಬಂದ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರನ್ನೇ ಬಾಗಿಲಲ್ಲಿ ತಡೆಯಿತು. ತಮಿಳುನಾಡು ಅದೇ ವರ್ಷ ಅಂಥ ನಿರ್ಬಂಧವನ್ನು ತೆಗೆದುಹಾಕುವ ಕಾನೂನು ತಂದಿತು. 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದು ಪಂಚೆಯುಟ್ಟ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ. ಬ್ರಿಟಿಷ್ ಹಡಗೊಂದು ವಿಧ್ಯುಕ್ತವೆಂದು ಒಪ್ಪುವ ಉಡುಗೆ ಬೆಂಗಳೂರಿನ ಅಂಗಡಿಸಾಲಿನ ಬಾಗಿಲಲ್ಲಿ ಸಾಲದಾಯಿತೆಂಬುದು ದೂರದಲ್ಲಿರುವ ನನ್ನಂಥವನಿಗೆ ಅರಗದ ಸಂಗತಿ. ಅದೇ ವರ್ಷ ಭಾರತೀಯ ನೌಕಾಪಡೆ ತನ್ನ ಅಧಿಕಾರಿಗಳ ಮೆಸ್‌ಗಳಲ್ಲಿ, ಅಂದರೆ ಅವರ ಊಟದ ಮನೆಗಳಲ್ಲಿ, ಕುರ್ತಾ, ಪೈಜಾಮ ಮತ್ತು ತೋಳಿಲ್ಲದ ಜಾಕೆಟ್ಟಿಗೆ ಅನುಮತಿ ಕೊಟ್ಟಿತು. ಅಳತೆ, ಬಣ್ಣ, ತೋಳಿನ ಗುಂಡಿಗಳವರೆಗೆ ವಿವರಗಳನ್ನು ಗೊತ್ತುಮಾಡಿ ಕೊಟ್ಟ ಆ ಅನುಮತಿ ಸರಿಯಾದ ದಾರಿಯಲ್ಲಿದೆ. ದೇಶಿ ಉಡುಗೆಗೂ ಅದರದೇ ಶಿಸ್ತಿದೆಯೆಂದು ಅದು ಒಪ್ಪಿಕೊಂಡಿದೆ.

ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಹಡಗಿನವರೂ ಹೀಗೆಯೇ ಮಾಡಬೇಕೆಂದು ನನ್ನ ಕೋರಿಕೆ. ಅಧಿಕಾರಿಗಳ ಮೇಜಿನ ಊಟಕ್ಕೆ ಸೂಟು ಮತ್ತು ಗೌನುಗಳ ಜೊತೆಯಲ್ಲೇ ಕಚ್ಚೆಪಂಚೆ, ಮುಚ್ಚುಗೊರಳಿನ ಕೋಟು, ಸೀರೆ, ಪೇಟ ಎಂದು ಒಂದೊಂದನ್ನೂ ಹೆಸರಿಸಿ ಆಹ್ವಾನಪತ್ರದಲ್ಲೇ ಅಚ್ಚು ಹಾಕಿಸಲಿ. ಬಾಗಿಲಲ್ಲಿ ನಿಲ್ಲುವ ಸಿಬ್ಬಂದಿಗೂ ಆ ಪಟ್ಟಿಯನ್ನು ಕೊಟ್ಟಿರಲಿ.