ಗುಡ್ಡ ಬಿಟ್ಟು ಲೋಟ ಎಣಿಸಿದ ಕಥೆ

ನಮ್ಮ ಅಕ್ಕನ ಮಗ ಒಂದು ಗಣಿ ಕಂಪನಿಗೆ ಸೇರಿದ್ದಾನೆ. ಮಣ್ಣು ಅಗೆಯೋ ಕೆಲಸ ಅಲ್ಲ, ಅಗೆದ ಮಣ್ಣಿನ ಬಗ್ಗೆ ವರದಿ ಬರೆಯೋ ಕೆಲಸ. ಯುಗಾದಿಗೆ ಮಂಡ್ಯಕ್ಕೆ ಬಂದವನು ಹೋಳಿಗೆ ತಿಂದು ಕೈ ತೊಳೆದು ಬ್ಯಾಗಿನಿಂದ ಆ ವರದಿ ತೆಗೆದು ಕೊಟ್ಟ. ನಮ್ಮನೆ ಲಗ್ನಪತ್ರಿಕೆಗೂ ಅಂಥಾ ಮಿರಮಿರ ಕಾಗದ ಹಾಕಿಸಿರಲಿಲ್ಲ. ಮುಖಪುಟದಲ್ಲಿ ಒಂದು ಸಸಿ, ಅದನ್ನ ಹಿಡಿದ ಎರಡು ಕೈ. ಉಗುರಲ್ಲಿ ಒಂಚೂರು ಮಣ್ಣಿಲ್ಲ.

ಒಳಗೆ ತ್ಯಾಜ್ಯದ ಪುಟ. ಓದಿ ನಿಜವಾಗ್ಲೂ ಕೈ ಮುಗಿಯೋಣ ಅನ್ನಿಸಿತು. ಕ್ಯಾಂಟೀನಿನಲ್ಲಿ ಮಿಕ್ಕಿದ ಅನ್ನ ಗೊಬ್ಬರ ಆಗಿದೆ. ಟೀ ಲೋಟ, ಹಳೇ ಬ್ಯಾಟರಿ, ಸವೆದ ಟೈರು, ಎಲ್ಲಕ್ಕೂ ಕೆಜಿ ಲೆಕ್ಕ, ಎಲ್ಲವೂ ಮರುಬಳಕೆ. ಪಕ್ಕದ ಫೋಟೋದಲ್ಲಿ ನಗ್ತಾ ನಿಂತ ಸಾಹೇಬರ ಬೆನ್ನ ಹಿಂದೆ ಒಂದು ಬೋಳು ಗುಡ್ಡ, ಅದರ ತಲೆ ಮೇಲೆ ಟಿಪ್ಪರ್ ಒಂದು ಇರುವೆ ಥರ ಕಾಣ್ತಿತ್ತು.

‘ಇದೇನಪ್ಪಾ ಇದು?’

‘ಅದು ವೇಸ್ಟ್ ಅಲ್ಲ ಮಾವ, ಓವರ್‌ಬರ್ಡನ್. ಅದಿರಿನ ಮೇಲಿದ್ದ ಕಲ್ಲು ಮಣ್ಣು.’

‘ಅದರಾಚೆ ಇರೋ ಕೆಸರಿನ ಕೆರೆ?’

‘ಟೇಲಿಂಗ್ಸ್. ಅದಿರು ಪುಡಿ ಮಾಡಿ ಲೋಹ ತೆಗೆದ ಮೇಲೆ ಉಳಿಯೋ ರಾಡಿ. ಅದಕ್ಕೆ ಬೇರೆ ಕಾಲಂ ಇದೆ.’

ಇತ್ತು, ಸುಳ್ಳಲ್ಲ. ಕೊನೇ ಪುಟದ ಅಡಿಯಲ್ಲಿ, ನನ್ನ ಕನ್ನಡಕದ ಮೇಲೆ ಹೆಂಡತಿ ಕನ್ನಡಕವನ್ನೂ ಹಾಕ್ಕೊಂಡು ಓದುವಷ್ಟು ಸಣ್ಣ ಅಕ್ಷರದಲ್ಲಿ. ಲೋಟಕ್ಕೆ ಕೆಜಿ, ಗುಡ್ಡಕ್ಕೆ ಅಡಿಟಿಪ್ಪಣಿ. ತಿಪ್ಪೆ ಸಾರಿಸೋದು ಅನ್ನೋ ಮಾತು ಬಾಯಲ್ಲಿತ್ತು, ಹಬ್ಬದ ದಿನ ಬೇಡ ಅಂತ ನುಂಗಿದೆ.

ನಮ್ಮ ಕಡೆ ಆಲೆಮನೆಯಲ್ಲಿ ಕಬ್ಬು ಅರೆದ ಸಿಪ್ಪೆ ಒಣಗಿ ಅದೇ ಕೊಪ್ಪರಿಗೆ ಕೆಳಗೆ ಉರಿಯುತ್ತೆ, ಬೂದಿ ಗದ್ದೆಗೆ ಹೋಗುತ್ತೆ. ಇದಕ್ಕೆ ಯಾವ ಗೌಡರೂ ಪುಸ್ತಕ ಅಚ್ಚು ಹಾಕಿಸಿಲ್ಲ. ಚಿನ್ನದ ಗಣಿಯಲ್ಲಾದರೆ ಒಂದು ಟನ್ ಅದಿರಿಗೆ ಸಿಗೋದು ಕೆಲವೇ ಗ್ರಾಂ, ಮಿಕ್ಕಿದ್ದೆಲ್ಲಾ ಸಿಪ್ಪೆ! ಅಂದ್ರೆ ಅಸಲಿ ಉತ್ಪಾದನೆ ಕಸ, ಚಿನ್ನ ಅದರ ಜೊತೆ ಬರೋ ಕೊಸರು.

ನಮಗೂ ಇದಕ್ಕೂ ಸಂಬಂಧ ಇಲ್ಲ ಅನ್ನಬೇಡಿ. 1902ರಲ್ಲಿ ನಮ್ಮ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿದಾಗ ಅದು ಮೊದಲು ಓಡಿದ್ದು ಮಳವಳ್ಳಿ ಮನೆಗಳಿಗಲ್ಲ, ಕೋಲಾರದ ಚಿನ್ನದ ಗಣಿಗೆ. 2001ರಲ್ಲಿ ಗಣಿಗೆ ಬೀಗ ಬಿತ್ತು. ಚಿನ್ನ ಎಲ್ಲೆಲ್ಲೋ ಹೋಯ್ತು, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ರಾಡಿಯ ದಿಬ್ಬಗಳು ಮಾತ್ರ ಕೆಜಿಎಫ್‌ನಲ್ಲೇ ಉಳಿದವು. 13 ದಿಬ್ಬ, ಸುಮಾರು 3.3 ಕೋಟಿ ಟನ್. ಗಾಳಿ ಎದ್ದರೆ ಅದರ ಧೂಳು ಊರ ಮೇಲೆ. ಈಗ ಅದರಲ್ಲಿ ಇನ್ನೂ ಚೂರುಪಾರು ಚಿನ್ನ ಇದೆಯಂತೆ, ಹರಾಜಿಗೆ 2024ರಲ್ಲಿ ಸರ್ಕಾರವೂ ಒಪ್ಪಿದೆ. ಹಾಗಾಗಿ ದಿಬ್ಬದ ಹೆಸರೂ ಬದಲಾಯ್ತು, ಈಗದು ಸಂಪನ್ಮೂಲ. ಅಷ್ಟು ವರ್ಷ ಧೂಳು ಕುಡಿದವರು ಸಂಪನ್ಮೂಲ ಕುಡಿದರು ಅಂತ ಬರ್ಕೊಳ್ಳಿ.

ನಗೋದಕ್ಕಾಗದ ಒಂದು ಸಂಗತಿಯೂ ಇದೆ. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಹೊದಲ್ಲಿ ಕಬ್ಬಿಣದ ಗಣಿಯ ರಾಡಿ ಕಟ್ಟೆ ಒಡೆದು 270 ಜನ ಹೋದರು. ಕಟ್ಟೆ ಭದ್ರವಾಗಿದೆ ಅಂತ ಹಿಂದಿನ ವರ್ಷವೇ ಸರ್ಟಿಫಿಕೇಟ್ ಸಿಕ್ಕಿತ್ತು. ಕ್ಯಾಂಟೀನು ಕಟ್ಟೆಯ ಕೆಳಗೇ ಇತ್ತು, ಒಡೆದಿದ್ದು ಮಧ್ಯಾಹ್ನ ಊಟದ ಹೊತ್ತಲ್ಲಿ.

ಇದನ್ನ ಹೇಳಿದಾಗ ಹುಡುಗ ಸುಮ್ನಾದ. ಅವನದೇನು ತಪ್ಪು, ಪಾಪ, ಕೊಟ್ಟ ಕಾಲಂ ತುಂಬಿಸ್ತಾನೆ.

ಮಾರನೇ ದಿನ ಬೆಳಗ್ಗೆ ಕಸದ ಆಟೋ ಬಂತು. ಹಸಿ ಕಸ ಒಂದು ಬಕೆಟ್, ಒಣ ಕಸ ಇನ್ನೊಂದು, ಜೊತೆಗೆ ಈ ವರದಿ (ಅವನೇ ‘ಇಟ್ಕೊಂಡು ಏನ್ ಮಾಡ್ತೀರಾ ಮಾವ’ ಅಂದಿದ್ದ). ಆಟೋದವನು ಪುಸ್ತಕ ತಿರುಗಿಸಿ, ಹೆಬ್ಬೆರಳಲ್ಲಿ ಉಜ್ಜಿ, ವಾಪಸ್ ನನ್ನ ಕೈಗೇ ಕೊಟ್ಟ.

‘ಪ್ಲಾಸ್ಟಿಕ್ ಅಂಟ್ಸವ್ರೆ ಸಾ. ಇದನ್ನ ಗುಜರಿಯವ್ರೂ ತಗಳಲ್ಲ.’