ಜನರಲ್ ಸ್ನಾಫು ಯಾಕಿಲ್ಲ?

ಎರಡನೇ ಮಹಾಯುದ್ಧದ ಹೊತ್ತಿನ ಅಮೆರಿಕದ ಸೇನೆಗೆ ಮೊದಲಕ್ಷರಗಳ ಹುಚ್ಚು. ಕಚೇರಿಗೊಂದು, ಗೋದಾಮಿಗೊಂದು, ಗೋದಾಮಿನ ಲೆಕ್ಕ ನೋಡುವವನಿಗೆ ಮತ್ತೊಂದು. ನೋಡಿ ನೋಡಿ ರೋಸಿಹೋದ ಸಿಪಾಯಿಗಳು 1941ರ ಸುಮಾರಿಗೆ ತಮ್ಮದೂ ಒಂದನ್ನು ಹೊಸೆದರು: ಸ್ನಾಫು. ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿದ್ದು; ‘ಪರಿಸ್ಥಿತಿ ಮಾಮೂಲು, ಎಲ್ಲಾ ಹದಗೆಟ್ಟಿದೆ’ ಅಂತ ಅರ್ಥ. ‘ಹದಗೆಟ್ಟಿದೆ’ ಎಂಬುದು ಮರ್ಯಾದಸ್ಥರ ಪಾಠಾಂತರ. ಸಿಪಾಯಿಗಳು ಅಲ್ಲಿ ಇಟ್ಟಿದ್ದ ಮಾತನ್ನು ಅಚ್ಚು ಹಾಕುವಂತಿಲ್ಲ. ಹಿಂದೆಯೇ ಟಾರ್ಫು, ಫೂಬಾರ್ ಬಂದವು, ಒಂದಕ್ಕಿಂತ ಒಂದು ಹೆಚ್ಚು ಹದಗೆಟ್ಟವು.

ಬೈಗುಳ ಯಾರಿಗೆಂದು ಯಾರಿಗೂ ಅನುಮಾನವಿರಲಿಲ್ಲ. ಮೇಲಿನವರಿಗೆ.

ಮೇಲಿನವರೂ ನಿರಾಸೆ ಮಾಡಲಿಲ್ಲ. ಅಲಾಸ್ಕಾದಾಚೆ ಕಿಸ್ಕಾ ಅಂತ ಒಂದು ಮಂಜಿನ ದ್ವೀಪ; 1942ರಲ್ಲಿ ಜಪಾನೀಯರು ಹಿಡಿದಿದ್ದರು. 1943ರ ಜುಲೈ ಕೊನೆಯಲ್ಲಿ ಅಮೆರಿಕದ ಯುದ್ಧನೌಕೆಗಳ ರೇಡಾರ್‌ನಲ್ಲಿ ಒಂದಷ್ಟು ಚುಕ್ಕಿ ಕಂಡವು. ಶತ್ರು ಬಂದ ಎಂದು ಸುಮಾರು 1,000 ಭಾರೀ ಗುಂಡುಗಳನ್ನು ಹಾರಿಸಿದರು. ಅಲ್ಲಿ ಶತ್ರುವಿನ ಒಂದು ಹಡಗೂ ಇರಲಿಲ್ಲ. ಸಮುದ್ರವನ್ನು ಸೋಲಿಸಿ ದಣಿದ ನೌಕೆಗಳು ಜುಲೈ 28ರಂದು ಇಂಧನ, ಮದ್ದುಗುಂಡು ತುಂಬಿಸಿಕೊಳ್ಳಲು ಅತ್ತ ಸರಿದವು. ಅದೇ ದಿನ ಇತ್ತ ಜಪಾನೀಯರು ಮಂಜಿನ ಮರೆಯಲ್ಲಿ ಬಂದು, ತಮ್ಮ 5,000ಕ್ಕೂ ಹೆಚ್ಚು ಜನರನ್ನು ಒಂದು ಗಂಟೆಯೊಳಗೆ ಹಡಗು ಹತ್ತಿಸಿಕೊಂಡು ಹೊರಟೇಹೋದರು.

ಮುಂದಿನ ಎರಡು ವಾರ ಖಾಲಿ ದ್ವೀಪದ ಮೇಲೆ ಬಾಂಬ್ ಮಳೆ. ಕೆಳಗೆ ಯಾರೂ ಇದ್ದಂತಿಲ್ಲ ಎಂದು ಕೆಲವು ಪೈಲಟ್‌ಗಳು ಹೇಳಿದರು. ಇನ್ನು ಕೆಲವರಿಗೆ ಕೆಳಗಿನಿಂದ ಗುಂಡು ಬಂದಂತೆಯೂ ಕಂಡಿತು! ಅಲ್ಲಿನ ಕಾರ್ಯಾಚರಣೆಯ ಹೊಣೆ ಹೊತ್ತಿದ್ದ ಅಡ್ಮಿರಲ್ ಕಿಂಕೇಡ್ ಸಾಹೇಬರು ಮಾತ್ರ ನಿಶ್ಚಿಂತರು: ಶತ್ರು ಇದ್ದರೆ ಯುದ್ಧ, ಇಲ್ಲದಿದ್ದರೆ ಒಳ್ಳೇ ತಾಲೀಮು.

ಆಗಸ್ಟ್ 15ರಂದು ತಾಲೀಮು ಶುರುವಾಯಿತು. ಅಮೆರಿಕ, ಕೆನಡಾ ಸೇರಿ 34,000ಕ್ಕೂ ಹೆಚ್ಚು ಜನ. ಮಂಜಿನಲ್ಲಿ ಎದುರಿಗೇನೋ ಅಲುಗಿತು, ಇವನು ಗುಂಡು ಹೊಡೆದ. ಅಲುಗಿದ್ದೂ ತಿರುಗಿ ಹೊಡೆಯಿತು. ಇಬ್ಬರೂ ಒಂದೇ ಪಕ್ಷದವರು. ತಮ್ಮವರದೇ ಗುಂಡು, ಜಪಾನೀಯರು ಹೂತಿಟ್ಟು ಹೋದ ಸ್ಫೋಟಕ, ತೇವಕ್ಕೆ ಕೊಳೆತ ಕಾಲು, ಹಡಗಿಗೆ ಬಡಿದ ಮೈನು ಎಲ್ಲಾ ಸೇರಿ ಸತ್ತವರು, ಗಾಯಾಳುಗಳ ಲೆಕ್ಕ 300 ದಾಟಿತು. ದ್ವೀಪದಲ್ಲಿ ಸಿಕ್ಕಿದ್ದು ನಾಯಿಗಳು.

ಇಷ್ಟಾದ ವರ್ಷವೇ ಸೇನೆ ಸ್ನಾಫುವಿಗೆ ಒಂದು ಮುಖ ಕೊಟ್ಟಿತು. ಸಿಪಾಯಿಗಳಿಗೆ ಬುದ್ಧಿ ಕಲಿಸಲು ಕಾರ್ಟೂನ್ ಚಿತ್ರಗಳು. ಬರೆದವರಲ್ಲಿ ಮಕ್ಕಳ ಪುಸ್ತಕಗಳ ಡಾ. ಸ್ಯೂಸ್ ಕೂಡ ಇದ್ದರು. ಎಲ್ಲವನ್ನೂ ಕೆಡಿಸುವ ಆ ಪೆದ್ದನ ಹೆಸರು ಸ್ನಾಫು. ಹುದ್ದೆ? ಪ್ರೈವೇಟ್. ಅಂದರೆ ಸೇನೆಯ ಕಟ್ಟಕಡೆಯ ಮೆಟ್ಟಿಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಇಷ್ಟು ಬಣ್ಣ ಬಳಿಯದೆ, ಕಪ್ಪು-ಬಿಳುಪಿನಲ್ಲಿ ತೋರಿಸಿದವರು ಬೇರೆ ಇಲ್ಲ. ಅವನು ಸೊಳ್ಳೆಪರದೆ ಕಟ್ಟುವುದಿಲ್ಲ, ಕುಡಿದು ಗುಟ್ಟು ಬಿಡುತ್ತಾನೆ, ನರಕಕ್ಕೆ ಬೀಳುತ್ತಾನೆ. ಗುಟ್ಟು ಬಿಟ್ಟವನಾರು ಎಂದರೆ ಮುಖಕ್ಕೆ ಕನ್ನಡಿ ಹಿಡಿಯುತ್ತಾರೆ. ಆ ಕನ್ನಡಿಯನ್ನು ಕಿಸ್ಕಾದ ನೌಕೆಗಳತ್ತ ಯಾರೂ ತಿರುಗಿಸಲಿಲ್ಲ. 1944ರಲ್ಲಿ ಸ್ನಾಫುವಿಗೆ ಇಬ್ಬರು ಸಹೋದರರನ್ನೂ ತಂದರು: ಪಾರಿವಾಳ ನೋಡಿಕೊಳ್ಳುವ ಟಾರ್ಫು, ನಾಯಿಗಳ ಬಾಯಿಗೆ ಸಿಗುವ ಫೂಬಾರ್. ಆ ಮನೆತನದಲ್ಲಿ ಒಬ್ಬನಿಗೂ ಬಡ್ತಿ ಸಿಕ್ಕ ದಾಖಲೆಯಿಲ್ಲ.

ಯುದ್ಧ ಮುಗಿದ ಮೇಲೆ ಸ್ನಾಫು ಸಮವಸ್ತ್ರ ಕಳಚಿ ಕೋಟು ತೊಟ್ಟ. ಈಗ ಇಂಗ್ಲಿಷ್ ಪತ್ರಿಕೆಗಳಲ್ಲಿ ವಿಮಾನದ ಲಗೇಜು ಊರು ತಪ್ಪಿದರೆ ಸ್ನಾಫು, ಸಂಬಳ ಇನ್ನೊಬ್ಬನ ಖಾತೆಗೆ ಹೋದರೆ ಸ್ನಾಫು. ಹಿಂದಿದ್ದ ಪೋಲಿ ಮಾತು ಮರೆತೇಹೋಗಿ, ಸಂಭಾವಿತರ ಬಾಯಲ್ಲೂ ಸಲೀಸು. ಮೇಲಿನವರನ್ನು ಬೈಯಲು ಹುಟ್ಟಿದ ಮಾತನ್ನು ಈಗ ಮೇಲಿನವರೇ ಪ್ರಕಟಣೆಯಲ್ಲಿ ಬಳಸುತ್ತಾರೆ: ಒಂದು ಸ್ನಾಫು ಸಂಭವಿಸಿದೆ, ವಿಷಾದಿಸುತ್ತೇವೆ. ಸಂಭವಿಸಿದೆ, ಅಷ್ಟೇ, ಮಾಡಿದವರಿಲ್ಲ. ಸ್ನಾಫುವನ್ನು ಅಮಾನತು ಮಾಡೋಣವೆಂದರೆ ಅವನಿಗೆ ಎಂಪ್ಲಾಯಿ ನಂಬರೇ ಇಲ್ಲ. ಹಾಗಾಗಿ ಮೆಮೊ ಹೋಗುವುದು ಕೌಂಟರಿನಲ್ಲಿ ಕೂತು ಬೆಳಗಿನಿಂದ ಬೈಸಿಕೊಂಡ ಹುಡುಗಿಗೆ.