ಒಡೆಯ ಚೆಂದ ಇದ್ದರೆ ಬೇಡಿಯೂ ಒಡವೆ

ಹದಿಹರೆಯದವರಿಗೆಂದು ಅಮೆರಿಕದಲ್ಲಿ ಅಚ್ಚಾಗುವ ಜಿನ್ ಪ್ರೇಮಕಥೆಗಳನ್ನು ಎರಡು ಓದಿದರೆ ಮೂರನೆಯದನ್ನು ನೀವೇ ಬರೆಯಬಹುದು. ನಾಯಕಿ ಜಿನ್, ಅಂದರೆ ಅರಬ್ಬೀ ಕಥೆಗಳಲ್ಲಿ ಬರುವ ಮಾಯಾಜೀವಿ. ವಯಸ್ಸು ನೂರಾರು ದಾಟಿದರೂ ನೋಡೋಕೆ ಹದಿನೇಳು. ಹಿಡಿದು, ಸೀಸೆಗೆ ತುಂಬಿ, ಮಾರಿದ್ದಾರೆ. ಕೈಗಳಿಗೆ ಚಿನ್ನದ ಬೇಡಿ. ಅದರ ಕೆತ್ತನೆಗೇ ಅರ್ಧ ಪುಟ ವರ್ಣನೆ, ಅಕ್ಕಸಾಲಿ ನಾಚಬೇಕು! ಕೊಂಡವನಿಗೆ ಹಸಿರು ಕಣ್ಣು, ಅಗಲ ಭುಜ, ಜೊತೆಗೆ ಒಂದು ಹಳೇ ದುಃಖ. ಇಷ್ಟಿದ್ದರೆ ಅವನು ದುಡ್ಡು ಕೊಟ್ಟು ತಂದವನು ಅನ್ನೋದೇ ಮರೆತುಹೋಗುತ್ತದೆ.

ಮೂರು ವರ ಕೇಳಿ ಮುಗಿಸಿದರೆ ಅವಳಿಗೆ ಬಿಡುಗಡೆ. ಇವನು ಎರಡು ಕೇಳಿ, ಮೂರನೆಯದನ್ನು ಜೇಬಿನಲ್ಲಿಟ್ಟುಕೊಂಡು, ಮುನ್ನೂರು ಪುಟ ಕಿಟಕಿ ಪಕ್ಕ ನಿಂತು ಕೊರಗುತ್ತಾನೆ. ಕೇಳಿಬಿಟ್ಟರೆ ಹೊರಟುಹೋಗ್ತಾಳಲ್ಲ ಅನ್ನೋ ಸಂಕಟ. ಇದಕ್ಕೆ ಪ್ರೇಮ ಅಂತ ಹೆಸರು. ಹಗ್ಗ ಬಿಚ್ಚಿದರೆ ಹೋಗುತ್ತದೆ ಅಂತ ಎಮ್ಮೆ ಕಟ್ಟಿಹಾಕುವ ರೈತ ಪಾಪ, ಇಷ್ಟು ದೊಡ್ಡ ಮಾತು ಯಾವತ್ತೂ ಆಡಿಲ್ಲ. ಅಲ್ಲದೆ ಮೊದಲ ಪುಸ್ತಕದಲ್ಲೇ ಬಿಟ್ಟುಬಿಟ್ಟರೆ ಎರಡನೆಯದನ್ನು, ಮೂರನೆಯದನ್ನು ಕೊಳ್ಳುವವರು ಯಾರು?

ಇವರನ್ನೇ ಬೈದು ಏನು ಪ್ರಯೋಜನ, ಹಾದಿ ಹಾಕಿಕೊಟ್ಟವರು ಬೇರೆ ಇದ್ದಾರೆ. 1965ರ ಸೆಪ್ಟೆಂಬರಿನಲ್ಲಿ ಎನ್‌ಬಿಸಿ ವಾಹಿನಿಯಲ್ಲಿ 'ಐ ಡ್ರೀಮ್ ಆಫ್ ಜೀನಿ' ಧಾರಾವಾಹಿ ಶುರುವಾಯಿತು. ಗಗನಯಾನಿಯೊಬ್ಬ ದ್ವೀಪದಲ್ಲಿ ಸೀಸೆ ಹೆಕ್ಕುತ್ತಾನೆ. ಹೊಗೆಯೊಳಗಿಂದ ಜಿನ್ ವೇಷದಲ್ಲಿ ನಟಿ ಬಾರ್ಬರಾ ಈಡನ್. ಬಾಯಿ ತೆರೆದರೆ 'ಮಾಸ್ಟರ್'. ಅಮೆರಿಕ ಸಂವಿಧಾನ ತಿದ್ದಿ ಗುಲಾಮಗಿರಿ ನಿಷೇಧಿಸಿದ್ದು 1865ರಲ್ಲಿ, ಅಂದರೆ ಅದಕ್ಕೆ ನೂರು ವರ್ಷ ಮೊದಲು. ಕಪ್ಪು ಜನರಿಗೆ ಓಟು ಹಾಕಲು ಅಡ್ಡಿ ಮಾಡಬಾರದು ಅಂತ ಬಂದ ಕಾಯ್ದೆಗೆ ಸಹಿ ಬಿದ್ದು ಆರೇ ವಾರ. ಇಂಥ ಹೊತ್ತಿನಲ್ಲಿ ವಾಹಿನಿಯ ಸೆನ್ಸಾರಿನವರಿಗೆ ಗಾಬರಿಯಾಗದೆ ಇರುತ್ತದೆಯೇ? ಆಯಿತು. ಅವಳ ಹೊಕ್ಕುಳು ಕಾಣಿಸೀತು ಅಂತ! ಷರಾಯಿ ಸೊಂಟದಿಂದ ಮೇಲೆ ಏರಿತು. 'ಮಾಸ್ಟರ್' ಮಾತ್ರ ಐದು ಸೀಸನ್, 139 ಕಂತು ರಾಜಾರೋಷವಾಗಿ ಓಡಿತು. ಕೊನೇ ಸೀಸನ್ನಿನಲ್ಲಿ ಅವರಿಬ್ಬರಿಗೆ ಮದುವೆಯನ್ನೂ ಮಾಡಿಸಿದರು. ಹೆಣ್ಣನ್ನು ಸೀಸೆಯಲ್ಲಿ ಇಟ್ಟುಕೊಳ್ಳಬಹುದು, ಹೊಕ್ಕುಳು ಮುಚ್ಚಿದ್ದರೆ ಆಯಿತು. ಮರ್ಯಾದೆ ಮುಖ್ಯ ಅಲ್ವಾ?

ಹಳೇ ಕಥೆಗಾರರಿಗೆ ಇಂಥ ನಾಜೂಕು ಗೊತ್ತಿರಲಿಲ್ಲ. ಅರೇಬಿಯನ್ ನೈಟ್ಸ್‌ನಲ್ಲಿ ಬೆಸ್ತನ ಬಲೆಗೆ ಸಿಕ್ಕ ಹೂಜಿಯೊಳಗಿನ ಜಿನ್ ನೆನಪಿದೆಯೇ? ಬಿಡಿಸಿದವನಿಗೆ ಸಂಪತ್ತು ಕೊಡ್ತೀನಿ ಅಂತ ಮೊದಲು ಅಂದುಕೊಂಡಿದ್ದ. ಶತಮಾನಗಳು ಕಳೆದರೂ ಯಾರೂ ಬರಲಿಲ್ಲ. ತಲೆಕೆಟ್ಟು, ಬಿಡಿಸಿದವನನ್ನೇ ಕೊಲ್ತೀನಿ ಅಂದ. ಕೂಡಿಹಾಕಿದರೆ ಸಿಟ್ಟು ಬರುತ್ತದೆ ಅನ್ನೋದು ಆಗಿನವರಿಗೆ ತಿಳಿದಿತ್ತು. ಈಗಿನ ಜಿನ್ ಹೊರಗೆ ಬಂದು ಕೆನ್ನೆ ಕೆಂಪು ಮಾಡಿಕೊಳ್ಳುತ್ತಾಳೆ.

ಕುರ್‌ಆನಿನ 34ನೇ ಅಧ್ಯಾಯದಲ್ಲಿ ಪ್ರವಾದಿ ಸುಲೈಮಾನರ ಕೈಕೆಳಗೆ ಜಿನ್‌ಗಳು ಕಟ್ಟಡ ಕಟ್ಟುತ್ತವೆ, ಕೊಳದಷ್ಟು ಅಗಲದ ಪಾತ್ರೆ ಮಾಡುತ್ತವೆ. ಪ್ರವಾದಿ ತೀರಿಕೊಂಡದ್ದು ಅವಕ್ಕೆ ತಿಳಿಯುವುದಿಲ್ಲ, ದುಡಿಯುತ್ತಲೇ ಇರುತ್ತವೆ. ಅವರು ಒರಗಿದ್ದ ಊರುಗೋಲನ್ನು ಗೆದ್ದಲು ತಿಂದು, ದೇಹ ಕೆಳಗೆ ಬಿದ್ದಾಗಲೇ ಅವಕ್ಕೆ ಗೊತ್ತಾಗುವುದು. ಮುತ್ತಿಲ್ಲ, ಕಣ್ಣೀರಿಲ್ಲ, ಹಸಿರು ಕಣ್ಣಂತೂ ಇಲ್ಲವೇ ಇಲ್ಲ. ಬಿಡಿಸಿದ್ದು ಒಂದು ಹುಳ.

ಆದರೆ ಅಂಗಿ ಬಿಚ್ಚಿಸಿ ಮುಖಪುಟದಲ್ಲಿ ನಿಲ್ಲಿಸೋಕೆ ಗೆದ್ದಲಿಗೆ ಭುಜ ಎಲ್ಲಿದೆ? ಅದೂ ಅಲ್ಲದೆ, ಗೆದ್ದಲನ್ನು ಪುಸ್ತಕದ ಹತ್ತಿರ ಯಾವ ಪ್ರಕಾಶಕ ತಾನೇ ಬಿಟ್ಟುಕೊಂಡಾನು?